38 ಸಾವಿರ ಜಿಪಿಯು ಸರಿ, ಕ್ಯೂ ನೋಡಿಕೊಳ್ಳೋರು ಯಾರು?

ದೇಶದ ಎಐ ತಯಾರಿ ಬಗ್ಗೆ ಯಾರು ಮಾತಾಡಿದರೂ ಮೊದಲು ಬರೋದು ಒಂದು ಸಂಖ್ಯೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಸುಮಾರು 10,372 ಕೋಟಿ ರೂಪಾಯಿಯ ಇಂಡಿಯಾಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ 10 ಸಾವಿರ ಜಿಪಿಯು ಅಂದರು. ಆಮೇಲೆ ಅದು 18 ಸಾವಿರ ಆಯ್ತು, 34 ಸಾವಿರ ಆಯ್ತು, ಈಗ 38 ಸಾವಿರ ದಾಟಿದೆ. ಟಿವಿ ಚರ್ಚೆಗಳಲ್ಲಂತೂ ಯುದ್ಧವಿಮಾನ ಎಣಿಸಿದ ಹಾಗೆ ಇವನ್ನು ಎಣಿಸುತ್ತಾರೆ.

ಜಿಪಿಯು ಅಂದರೆ ಮೂಲತಃ ವಿಡಿಯೋ ಗೇಮ್‌ಗಳ ಚಿತ್ರ ಮೂಡಿಸಲು ಮಾಡಿದ ಚಿಪ್. ಒಂದೇ ತರಹದ ಸಾವಿರಾರು ಸಣ್ಣ ಲೆಕ್ಕಗಳನ್ನು ಒಟ್ಟಿಗೆ ಮಾಡುತ್ತೆ. ಎಐ ಮಾಡೆಲ್ ತರಬೇತಿಗೂ ಬೇಕಿರೋದು ಅದೇ. ದೊಡ್ಡ ಮಾಡೆಲ್‌ಗೆ ಒಂದು ಚಿಪ್ ಎಲ್ಲಿಗೂ ಸಾಲಲ್ಲ, ಸಾವಿರಾರು ಬೇಕು. ಆದರೆ ಸಾವಿರ ಯಂತ್ರ ಇರೋದು ಬೇರೆ, ಆ ಸಾವಿರ ಯಂತ್ರವೂ ಸೇರಿ ಒಂದು ಕೆಲಸ ಮುಗಿಸೋದು ಬೇರೆ. ಇವೆರಡರ ನಡುವೆ ಐವತ್ತು ವರ್ಷಕ್ಕೂ ಹಳೆಯದಾದ ಒಂದು ಸಂಶೋಧನಾ ಕ್ಷೇತ್ರವೇ ಇದೆ. ಅದರ ಸುದ್ದಿ ಪತ್ರಿಕಾ ಪ್ರಕಟಣೆಗಳಲ್ಲಿ ಬರೋದು ಅಪರೂಪ.

ಮೆಟಾ ಕಂಪನಿ 2024ರಲ್ಲಿ ತನ್ನ ಲಾಮಾ 3 ಮಾಡೆಲ್ ಬಗ್ಗೆ ಒಂದು ಉದ್ದನೆಯ ಪ್ರಬಂಧ ಪ್ರಕಟಿಸಿತು. ಅದರೊಳಗೆ ಒಂದು ಪುಟ್ಟ ಕೋಷ್ಟಕವಿದೆ. ಇಡೀ ಪ್ರಬಂಧದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಅದೇ. 16,384 ಜಿಪಿಯುಗಳ ಮೇಲೆ ನಡೆದ ತರಬೇತಿಯ 54 ದಿನಗಳ ಲೆಕ್ಕ ಅದು. ಆ ಅವಧಿಯಲ್ಲಿ ಕೆಲಸ 466 ಸಲ ನಿಂತಿದೆ. 47 ಸಲ ಬೇಕೆಂದೇ ನಿಲ್ಲಿಸಿದ್ದು, ಮಿಕ್ಕ 419 ಸಲ ತಾನಾಗಿ ಕೆಟ್ಟು ನಿಂತಿದ್ದು. ಭಾಗಿಸಿ ನೋಡಿ: ಮೂರು ಗಂಟೆಗೊಂದು ಸಲ.

ಹಾಗಂತ ಮೆಟಾ ಕಳಪೆ ಮಾಲು ಕೊಂಡಿತ್ತು ಅಂದುಕೊಳ್ಳಬೇಡಿ. ಅದೇ ಅಂಕಿಗಳನ್ನು ತಿರುಗಿಸಿ ಹಾಕಿದರೆ, ಒಂದು ಜಿಪಿಯು ಲೆಕ್ಕದಲ್ಲಿ ತೊಂದರೆ ಬರೋದು ಹೆಚ್ಚೂಕಡಿಮೆ ಆರು ವರ್ಷಕ್ಕೊಮ್ಮೆ. ಮನೆಯ ಫ್ರಿಜ್ ಆರು ವರ್ಷ ಕೆಡದೆ ನಡೆದರೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬರ್ತೀವಿ. ಅಷ್ಟು ಗಟ್ಟಿಯಾದ ವಸ್ತುವನ್ನೇ 16 ಸಾವಿರ ಜೋಡಿಸಿದರೆ ಮೂರು ಗಂಟೆಗೊಂದು ಕಡೆ ಏನಾದರೂ ಕೆಡುತ್ತೆ. ಈ ಬಗೆಯ ತರಬೇತಿಯಲ್ಲಿ ಎಲ್ಲ ಚಿಪ್‌ಗಳೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬೇಕು. ಒಂದು ಬಿದ್ದರೆ ಎಲ್ಲವೂ ನಿಲ್ಲಬೇಕು.

ಇಷ್ಟಾದರೂ ಒಟ್ಟು ಸಮಯದ ಶೇ. 90ಕ್ಕಿಂತ ಹೆಚ್ಚು ಭಾಗ ತರಬೇತಿಗೇ ಸಿಕ್ಕಿತು, ಮನುಷ್ಯರು ದೊಡ್ಡ ಮಟ್ಟದಲ್ಲಿ ಕೈ ಹಾಕಬೇಕಾಗಿ ಬಂದದ್ದು ಮೂರೇ ಸಲ ಅನ್ನುತ್ತೆ ಪ್ರಬಂಧ. ಕೆಟ್ಟದ್ದನ್ನು ಪತ್ತೆ ಹಚ್ಚಿ, ಬದಲಿ ಯಂತ್ರ ತಂದು, ಉಳಿಸಿಟ್ಟ ಜಾಗದಿಂದ ಮತ್ತೆ ಶುರು ಮಾಡುವ ಕೆಲಸವನ್ನು ತಂತ್ರಾಂಶವೇ ಮಾಡಿತ್ತು. ಹಾಗೆ ಆಗಾಗ ಕೆಲಸ ಉಳಿಸಿಡುವುದಕ್ಕೆ ಚೆಕ್‌ಪಾಯಿಂಟ್ ಅಂತಾರೆ. ಎಷ್ಟು ಹೊತ್ತಿಗೊಮ್ಮೆ ಉಳಿಸಬೇಕು? ಪದೇ ಪದೇ ಉಳಿಸಿದರೆ ಅದರಲ್ಲೇ ಸಮಯ ಹೋಗುತ್ತೆ, ಅಪರೂಪಕ್ಕೆ ಉಳಿಸಿದರೆ ಕೆಟ್ಟಾಗ ಮಾಡಿದ್ದನ್ನೇ ಮತ್ತೆ ಮಾಡಬೇಕು. ಜಾನ್ ಯಂಗ್ 1974ರಲ್ಲೇ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದಾರೆ: ಉಳಿಸಲು ಹಿಡಿಯುವ ಸಮಯವನ್ನೂ ಎರಡು ಕೆಡುವಿಕೆಗಳ ನಡುವಿನ ಸರಾಸರಿ ಸಮಯವನ್ನೂ ಗುಣಿಸಿ, ಎರಡರಷ್ಟು ಮಾಡಿ, ವರ್ಗಮೂಲ ತೆಗೆಯಿರಿ. ಉಳಿಸಲು ಒಂದು ನಿಮಿಷ, ಕೆಡುವುದು 180 ನಿಮಿಷಕ್ಕೊಮ್ಮೆ ಅನ್ನಿ. ಉತ್ತರ ಸುಮಾರು 19 ನಿಮಿಷ. ಐವತ್ತು ವರ್ಷದ ಹಿಂದಿನ ಸೂತ್ರ, ಇವತ್ತಿಗೂ ಲೆಕ್ಕ ಇಲ್ಲಿಂದಲೇ ಶುರು.

ಪೂರ್ತಿ ಕೆಟ್ಟ ಯಂತ್ರವಾದರೂ ಪರವಾಗಿಲ್ಲ. ನಿಜವಾದ ತಲೆನೋವು ಕೆಡದೆ ನಿಧಾನವಾಗುವ ಯಂತ್ರ. ಪಂಕ್ತಿ ಊಟ ನೆನಪಿಸಿಕೊಳ್ಳಿ. ಕೊನೆಯವರು ಮಜ್ಜಿಗೆ ಅನ್ನ ಮುಗಿಸುವ ತನಕ ಮಿಕ್ಕವರೆಲ್ಲ ಕೈ ಒಣಗಿಸಿಕೊಂಡು ಕೂರಬೇಕು. ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ 2004ರ ತಮ್ಮ ಮ್ಯಾಪ್‌ರಿಡ್ಯೂಸ್ ಪ್ರಬಂಧದಲ್ಲಿ ಇಂಥ ಉದಾಹರಣೆ ಕೊಡುತ್ತಾರೆ. ಡಿಸ್ಕ್‌ನಲ್ಲಿ ಸಣ್ಣ ದೋಷ, ಆದರೆ ಡಿಸ್ಕ್ ತಾನೇ ಸರಿಪಡಿಸಿಕೊಳ್ಳುತ್ತಿದೆ. ಹಾಗಾಗಿ ದೂರೇ ಇಲ್ಲ. ಸೆಕೆಂಡಿಗೆ 30 ಮೆಗಾಬೈಟ್ ಓದಬೇಕಾದದ್ದು 1 ಮೆಗಾಬೈಟ್‌ಗೆ ಇಳಿದಿರುತ್ತೆ, ಅಷ್ಟೇ. ಇದಕ್ಕೆ ಅವರು ಕಂಡುಕೊಂಡ ಮದ್ದು ಬಲು ಸರಳ: ಕೆಲಸ ಮುಗಿಯುವ ಹೊತ್ತಿಗೆ ಇನ್ನೂ ಉಳಿದಿರುವ ತುಣುಕುಗಳನ್ನು ಬೇರೆ ಯಂತ್ರಗಳಿಗೂ ಕೊಡು, ಯಾರು ಮೊದಲು ಮುಗಿಸುತ್ತಾರೋ ಅವರದ್ದು ತಗೋ. ಈ ಏರ್ಪಾಡು ತೆಗೆದುಹಾಕಿ ನೋಡಿದಾಗ ಅವರ ಒಂದು ವಿಂಗಡಣೆ ಕೆಲಸಕ್ಕೆ ಶೇ. 44ರಷ್ಟು ಹೆಚ್ಚು ಸಮಯ ಹಿಡಿಯಿತು.

ಕೆಟ್ಟಿದೆಯೋ ನಿಧಾನವಾಗಿದೆಯೋ ಅಂತ ಖಚಿತವಾಗಿ ಹೇಳೋದೂ ಕಷ್ಟ. ಫೋನ್ ಎತ್ತದವರು ಸ್ನಾನಕ್ಕೆ ಹೋಗಿದ್ದಾರೋ ಊರು ಬಿಟ್ಟಿದ್ದಾರೋ ಹೇಗೆ ಗೊತ್ತಾಗಬೇಕು? ಸಂದೇಶ ಎಷ್ಟು ತಡವಾಗಬಹುದು ಅನ್ನೋದಕ್ಕೆ ಮಿತಿಯೇ ಇಲ್ಲದಿದ್ದರೆ, ಒಂದೇ ಒಂದು ಯಂತ್ರ ಕೆಡುವ ಸಾಧ್ಯತೆ ಇದ್ದರೂ ಮಿಕ್ಕವು ಯಾವಾಗಲೂ ಒಮ್ಮತಕ್ಕೆ ಬಂದೇ ಬರುತ್ತವೆ ಎಂಬ ಖಾತರಿ ಸಾಧ್ಯವಿಲ್ಲ ಅಂತ ಫಿಶರ್, ಲಿಂಚ್, ಪ್ಯಾಟರ್ಸನ್ 1985ರಲ್ಲಿ ಗಣಿತದಿಂದಲೇ ಸಾಧಿಸಿದರು. ಇಂಥದ್ದೊಂದು ತೊಡಕನ್ನು ಜಿಪಿಯು ಎಣಿಕೆ ತೋರಿಸೋದಿಲ್ಲ.

ಈಗ ಕ್ಯೂ ವಿಷಯ. ಎಂಜಿನಿಯರಿಂಗ್ ಓದುವಾಗ ಶೆಡ್ಯೂಲಿಂಗ್ ಅಂದರೆ ನಮಗೆ ಹತ್ತು ಮಾರ್ಕಿನ ಪ್ರಶ್ನೆ, ಬಾಯಿಪಾಠ ಮಾಡಿ ಬರೆದರೆ ಮುಗೀತು. ಹಂಚಿಕೊಂಡು ಬಳಸುವ ದೊಡ್ಡ ಯಂತ್ರಗಳಲ್ಲಿ ಅದು ಹಣದ ಪ್ರಶ್ನೆ, ನ್ಯಾಯದ ಪ್ರಶ್ನೆ ಕೂಡ. ಭಾನುವಾರ ಬೆಳಿಗ್ಗೆ ಹೋಟೆಲ್‌ಗೆ ಹನ್ನೆರಡು ಜನರ ಸಂಸಾರ ಬಂದು, ಎಲ್ಲರಿಗೂ ಒಟ್ಟಿಗೇ ಜಾಗ ಬೇಕು ಅಂದಿದೆ ಅಂದುಕೊಳ್ಳಿ. ಈಗ ನಾಲ್ಕು ಸೀಟು ಖಾಲಿ. ಅವರಿಗಾಗಿ ಹಿಡಿದಿಟ್ಟರೆ ಆ ನಾಲ್ಕೂ ದಂಡ. ಹಿಂದಿನವರನ್ನು ಬಿಡುತ್ತಾ ಹೋದರೆ ಸಂಸಾರ ಮಧ್ಯಾಹ್ನದ ತನಕ ನಿಂತೇ ಇರುತ್ತೆ. ಜಾಣ ಮ್ಯಾನೇಜರ್ ಏನ್ಮಾಡ್ತಾನೆ? ಕಾಫಿ ಮಾತ್ರ ಕುಡಿದು ಐದು ನಿಮಿಷದಲ್ಲಿ ಏಳುವ ಇಬ್ಬರನ್ನು ಆ ಸಂದಿಯಲ್ಲಿ ಕೂರಿಸ್ತಾನೆ, ಸಂಸಾರದ ಸರದಿ ಮಾತ್ರ ಒಂದು ನಿಮಿಷವೂ ತಡವಾಗದ ಹಾಗೆ. 1995ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಡೇವಿಡ್ ಲಿಫ್ಕಾ ಇದನ್ನೇ ಸೂಪರ್‌ಕಂಪ್ಯೂಟರ್‌ಗೆ ಅಳವಡಿಸಿದರು. ಬ್ಯಾಕ್‌ಫಿಲ್ಲಿಂಗ್ ಅಂತ ಹೆಸರು. ಇದು ನಡೆಯಬೇಕಾದರೆ ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಮೊದಲೇ ಹೇಳಬೇಕು. ಹೇಳಿದ ಹೊತ್ತು ಮೀರಿದರೆ ಯಂತ್ರ ಕೆಲಸವನ್ನೇ ಕೊಂದುಹಾಕುತ್ತೆ. ಹಾಗಾಗಿ ಎಲ್ಲರೂ ಜಾಸ್ತಿನೇ ಹೇಳ್ತಾರೆ! ತಮಾಷೆ ಅಂದರೆ, ಜೆರುಸಲೇಮಿನ ಡ್ರೋರ್ ಫೀಟಲ್ಸನ್ ಮತ್ತು ಅಹುವಾ ಮುಅಲೆಮ್ 2001ರಲ್ಲಿ ಅಸಲಿ ದಾಖಲೆಗಳನ್ನು ಇಟ್ಟುಕೊಂಡು ನೋಡಿದಾಗ, ಈ ಉತ್ಪ್ರೇಕ್ಷೆಯಿಂದ ಕೆಲವೊಮ್ಮೆ ಕ್ಯೂ ಇನ್ನೂ ಚೆನ್ನಾಗಿ ಸಾಗುತ್ತೆ ಅಂತ ಕಂಡುಬಂತು. ಬೇಗ ಮುಗಿದ ಕೆಲಸಗಳು ಬಿಟ್ಟ ಸಂದಿಗಳಲ್ಲಿ ಸಣ್ಣ ಕೆಲಸಗಳು ನುಸುಳುತ್ತವೆ.

ಜಿಪಿಯು ಕಾಲದಲ್ಲಿ ಹಳೇ ಸಮಸ್ಯೆಗೆ ಹೊಸ ಮುಖ ಬಂದಿದೆ. ಮೈಕ್ರೋಸಾಫ್ಟ್ ತನ್ನದೇ ಒಂದು ಹಂಚಿಕೆಯ ಜಿಪಿಯು ಕ್ಲಸ್ಟರ್‌ನ ದಾಖಲೆಗಳನ್ನು 2019ರಲ್ಲಿ ಬಿಚ್ಚಿಟ್ಟಿತು. ಕೆಲಸಕ್ಕೆ ಕೊಟ್ಟಾಗಿದ್ದ ಜಿಪಿಯುಗಳ ಸರಾಸರಿ ಬಳಕೆ ಸುಮಾರು ಶೇ. 52. ಖಾಲಿ ಬಿದ್ದಿದ್ದ ಚಿಪ್‌ಗಳ ಮಾತಲ್ಲ ಇದು, ಬುಕ್ ಆಗಿದ್ದವುಗಳ ಮಾತು. ಹೊರಗೆ ಕ್ಯೂ, ಒಳಗೆ ಅರ್ಧ ಸಾಮರ್ಥ್ಯ ವ್ಯರ್ಥ.

ಇದಕ್ಕೆ ಬಂದ ಒಳ್ಳೆಯ ಪರಿಹಾರಗಳಲ್ಲೊಂದರ ಹಿಂದೆ ಬೆಂಗಳೂರಿನ ಕೈ ಇದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು ಚೀನಾದ ಸಹೋದ್ಯೋಗಿಗಳ ಜೊತೆ 2018ರಲ್ಲಿ ರೂಪಿಸಿದ ವ್ಯವಸ್ಥೆ ಅದು. ಹೆಸರು ಗಾಂಡೀವ. ಹೌದು, ಅರ್ಜುನನದ್ದೇ. ಎಐ ತರಬೇತಿ ಒಂದೇ ಹೆಜ್ಜೆಯನ್ನು ಲಕ್ಷಾಂತರ ಸಲ ತಿರುತಿರುಗಿ ಹಾಕುತ್ತೆ, ಪ್ರತಿ ಹೆಜ್ಜೆಯ ಕೊನೆಗೆ ಅದರ ಮೆಮೊರಿ ಬಳಕೆ ತಳಕ್ಕೆ ಇಳಿಯುತ್ತೆ. ಆ ಕ್ಷಣ ನೋಡಿ ಕೆಲಸವನ್ನು ನಿಲ್ಲಿಸಿದರೆ ಖರ್ಚು ಕಡಿಮೆ. ಆಗ ಒಂದೇ ಜಿಪಿಯುವನ್ನು ಇಬ್ಬರು ಸರದಿ ಮೇಲೆ ಬಳಸಬಹುದು, ಕೆಲಸವನ್ನು ಬೇರೆ ಚಿಪ್‌ಗೆ ಸಾಗಿಸಲೂಬಹುದು. 180 ಜಿಪಿಯುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಬಳಕೆ ಶೇ. 26ರಷ್ಟು ಮೇಲಕ್ಕೇರಿತು. ಒಂದೂ ಚಿಪ್ ಕೊಳ್ಳದೆ!

ನಮಗೇನೂ ಇದು ಹೊಸ ವಿದ್ಯೆಯಲ್ಲ. ಬೆಂಗಳೂರಿನ ಎನ್‌ಎಎಲ್ 1986ರಲ್ಲೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತ್ತು. ಪುಣೆಯ ಸಿ-ಡ್ಯಾಕ್‌ನ ಪರಮ್ 8000 ಬಂದದ್ದು 1991ರಲ್ಲಿ. ಐಐಎಸ್‌ಸಿಯಲ್ಲಿ 2022ರಿಂದ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಇದೆ. ಕ್ಯೂನಲ್ಲಿ ಎಷ್ಟು ಹೊತ್ತು ಕಾಯಬೇಕಾದೀತು ಅಂತ ಮೊದಲೇ ಊಹಿಸುವ ಬಗ್ಗೆ ಅಲ್ಲಿಯ ಸಂಶೋಧಕರು ಕೆಲಸ ಮಾಡಿದ್ದಾರೆ. ಅಂದರೆ ಯಾರನ್ನು ಕೇಳಬೇಕು ಅನ್ನೋದಕ್ಕೆ ಸರ್ಕಾರ ದೂರ ಹೋಗಬೇಕಿಲ್ಲ.

ಇಂಡಿಯಾಎಐನ 38 ಸಾವಿರ ಜಿಪಿಯು ಒಂದೇ ಕಟ್ಟಡದಲ್ಲಿ ಕೂತಿಲ್ಲ ಅನ್ನೋದನ್ನೂ ನೆನಪಿಡಬೇಕು. ಹಲವು ಖಾಸಗಿ ಕ್ಲೌಡ್ ಕಂಪನಿಗಳ ಡೇಟಾ ಸೆಂಟರ್‌ಗಳಲ್ಲಿ ಚದುರಿವೆ, ಬೇರೆ ಬೇರೆ ಮಾದರಿಯವು, ಬಾಡಿಗೆಗೆ ಸಿಗೋವು. ಮೆಟಾ ಮಾಡಿದ ಹಾಗೆ ಹೆಜ್ಜೆ ಕೂಡಿಸಿ ನಡೆಸಬೇಕಾದರೆ ಚಿಪ್‌ಗಳ ನಡುವೆ ಅತಿ ವೇಗದ ಜಾಲ ಬೇಕು. ಎರಡು ಊರಿನ ಜಿಪಿಯು ಕೂಡಿಸಿ ಅದನ್ನು ಮಾಡೋದು ತುಂಬಾ ತ್ರಾಸದ ಕೆಲಸ. ಸಣ್ಣ ಪ್ರಯೋಗಗಳಿಗೆ, ನೂರಾರು ತಂಡಗಳಿಗೆ ಹಂಚೋದಕ್ಕೆ ಈ ಏರ್ಪಾಡು ಚೆನ್ನಾಗಿದೆ, ಅದನ್ನು ನಾನು ಒಪ್ತೀನಿ. ಆದರೆ ಎಲ್ಲವನ್ನೂ ಕೂಡಿ ಒಂದೇ ಸಂಖ್ಯೆ ಹೇಳಿದಾಗ ಅದು 38 ಸಾವಿರದ ಒಂದು ಯಂತ್ರದ ಹಾಗೆ ಕೇಳಿಸುತ್ತೆ.

ಹಾಗಾಗಿ ಮುಂದಿನ ಸಲ ಸಂಖ್ಯೆ 50 ಸಾವಿರಕ್ಕೆ ಏರಿದೆ ಅಂತ ಪತ್ರಿಕಾಗೋಷ್ಠಿ ಕರೆದರೆ ಕೇಳೋದಕ್ಕೆ ನನ್ನ ಬಳಿ ಎರಡು ಪ್ರಶ್ನೆ ಇವೆ. ಹೋದ ತಿಂಗಳು ಬಾಡಿಗೆಗೆ ಹೋದ ಜಿಪಿಯುಗಳು ಸರಾಸರಿ ಶೇಕಡಾ ಎಷ್ಟು ಹೊತ್ತು ನಿಜಕ್ಕೂ ಲೆಕ್ಕ ಮಾಡುತ್ತಿದ್ದವು? ಧಾರವಾಡದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಸೋಮವಾರ ಬೆಳಿಗ್ಗೆ 64 ಜಿಪಿಯು ಬೇಕು ಅಂತ ಅರ್ಜಿ ಹಾಕಿದರೆ, ಅವಳ ಕೆಲಸ ಯಾವ ವಾರ ಶುರುವಾಗುತ್ತೆ?