ಸೂರ್ಯನ ಎರಡು ಕೊಡುಗೆಗಳು

ಕಲಬುರಗಿಯ ಬಿಸಿಲನ್ನು ಕಲಬುರಗಿಯವರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಮೇ ತಿಂಗಳ ಎರಡನೆಯ ವಾರದಲ್ಲಿ ಒಂದು ದಿನ ಸೂರ್ಯನು ನಡುಹಗಲಿನಲ್ಲಿ ಸರಿಯಾಗಿ ನಮ್ಮ ನೆತ್ತಿಯ ಮೇಲೆ ನಿಲ್ಲುತ್ತಾನೆ. ಶಾಲೆಯ ಅಂಗಳದಲ್ಲಿ ನೆಟ್ಟ ಕೋಲಿಗೆ ಆಗ ನೆರಳೇ ಇರುವುದಿಲ್ಲ; ಶಹಾಬಾದ್ ಕಲ್ಲಿನ ಹಾಸು ಬರಿಗಾಲಿಗೆ ತಾಳಲಾರದಷ್ಟು ಕಾದಿರುತ್ತದೆ. ಈ ಬಿಸಿಲನ್ನು ಶಪಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆದರೆ ಇದೇ ಸೂರ್ಯನು ಅನುಗಾಲವೂ ಎರಡು ಬಗೆಯ ಕೊಡುಗೆಗಳನ್ನು ಕಳುಹಿಸುತ್ತಿದ್ದಾನೆಂಬುದನ್ನು ಆಲೋಚಿಸುವವರು ವಿರಳ. ಒಂದು, ಕಣ್ಣಿಗೆ ಕಾಣುವ ಬೆಳಕು. ಮತ್ತೊಂದು, ಯಾವ ಇಂದ್ರಿಯಕ್ಕೂ ಸಿಲುಕದ ನ್ಯೂಟ್ರಿನೊ ಎಂಬ ಮೂಲಕಣ. ಮೊದಲನೆಯದನ್ನು ಪೂರ್ಣವಾಗಿ ಪಡೆಯಲು ಮಾನವನು ವಾಯುಮಂಡಲದಾಚೆಗೆ ಏರಿದನು. ಎರಡನೆಯದರ ಜಾತಿಯನ್ನು ಅರಿಯಲು ಭೂಗರ್ಭಕ್ಕೆ ಇಳಿದನು. ಹತ್ತು ವರ್ಷಗಳ ಅಂತರದಲ್ಲಿ ಈ ಎರಡೂ ಸಾಹಸಗಳಲ್ಲಿ ಕರ್ನಾಟಕದ ನೆಲವು ಪಾಲುಗೊಂಡಿತೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ.

ಸೂರ್ಯನ ಒಡಲಿನಲ್ಲಿ ನಡೆಯುವುದೇನೆಂಬುದನ್ನು ಮೊದಲು ನೋಡೋಣ. ಅಲ್ಲಿ ಒಂದೂವರೆ ಕೋಟಿ ಡಿಗ್ರಿಯ ಶಾಖದಲ್ಲಿ ನಾಲ್ಕು ಹೈಡ್ರೋಜನ್ ಬೀಜಗಳು, ಅಂದರೆ ಪ್ರೋಟಾನುಗಳು, ಹಂತಹಂತವಾಗಿ ಬೆಸೆದು ಒಂದು ಹೀಲಿಯಂ ಬೀಜವಾಗುತ್ತವೆ. ಈ ಕ್ರಿಯೆಯಲ್ಲಿ ಅಲ್ಪ ದ್ರವ್ಯವು ಶಕ್ತಿಯಾಗಿ ಮಾರ್ಪಡುತ್ತದೆ; ಜೊತೆಗೆ ಎರಡು ನ್ಯೂಟ್ರಿನೊಗಳು ಹೊರಬೀಳುತ್ತವೆ. ಶಕ್ತಿಯು ಕಣದಿಂದ ಕಣಕ್ಕೆ ಮುಗ್ಗರಿಸುತ್ತ ಸೂರ್ಯನ ಮೇಲ್ಮೈಯನ್ನು ತಲುಪಿ ಬೆಳಕಾಗಿ ಹೊರಬರಲು ಹತ್ತಾರು ಸಾವಿರ ವರ್ಷಗಳಾದರೂ ಬೇಕು. ನ್ಯೂಟ್ರಿನೊ ಮಾತ್ರ ಎರಡು ಕ್ಷಣಗಳಲ್ಲಿ ಹೊರಬಂದು, ಎಂಟು ನಿಮಿಷ ಇಪ್ಪತ್ತು ಸೆಕೆಂಡುಗಳಲ್ಲಿ ನಮ್ಮನ್ನು ಮುಟ್ಟುತ್ತದೆ. ಆದುದರಿಂದ ಬೆಳಕು ಸೂರ್ಯಗರ್ಭದ ಹಳೆಯ ವಾರ್ತೆಯನ್ನು ಹೇಳಿದರೆ, ನ್ಯೂಟ್ರಿನೊ ಈ ಹೊತ್ತಿನ ವಾರ್ತೆಯನ್ನು ಹೇಳುತ್ತದೆ.

ಈಗ ಬೆಳಕಿನ ವಿಚಾರ. ಬೆಳಕು ಫೋಟಾನ್ ಎಂಬ ಶಕ್ತಿಕಣಗಳಾಗಿ ವರ್ತಿಸುತ್ತದೆಂದು ಐನ್‌ಸ್ಟೈನರು 1905ರಲ್ಲಿ ಪ್ರತಿಪಾದಿಸಿದರು. ಸಿಲಿಕಾನ್ ಹರಳಿನ ಮೇಲೆ ತಕ್ಕಷ್ಟು ಶಕ್ತಿಯುಳ್ಳ ಫೋಟಾನ್ ಬಿದ್ದರೆ, ಬಂಧನದಲ್ಲಿದ್ದ ಎಲೆಕ್ಟ್ರಾನೊಂದು ಬಿಡುಗಡೆ ಹೊಂದುತ್ತದೆ. ಹರಳಿನ ಎರಡು ಪದರಗಳಲ್ಲಿ ಬೇರೆಬೇರೆ ಬೆರಕೆಗಳನ್ನು ಸೇರಿಸಿದ್ದರೆ, ಆ ಪದರಗಳು ಕೂಡುವೆಡೆಯಲ್ಲಿ ಉಂಟಾಗುವ ವಿದ್ಯುತ್ ಕ್ಷೇತ್ರವು ಎಲೆಕ್ಟ್ರಾನುಗಳನ್ನು ಒಂದೇ ದಿಕ್ಕಿಗೆ ನೂಕುತ್ತದೆ. ಇದೇ ಸೌರಕೋಶದ ಗುಟ್ಟು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1954ರಲ್ಲಿ ಸಿದ್ಧವಾದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಆರು ಪಾಲನ್ನು ವಿದ್ಯುತ್ತಾಗಿಸುತ್ತಿತ್ತು. ನಾಲ್ಕೇ ವರ್ಷಗಳಲ್ಲಿ, 1958ರಲ್ಲಿ, ವ್ಯಾನ್‌ಗಾರ್ಡ್-1 ಎಂಬ ಪುಟ್ಟ ಉಪಗ್ರಹವು ಸೌರಕೋಶಗಳನ್ನು ಹೊತ್ತು ಆಕಾಶಕ್ಕೇರಿತು.

ಕಲಬುರಗಿಯ ಬಿಸಿಲೇ ಇಷ್ಟು ಪ್ರಖರವಾಗಿರುವಾಗ ಅಂತರಿಕ್ಷದ ವಿಶೇಷವೇನೆಂದು ಕೇಳಬಹುದು. ವಾಯುಮಂಡಲದ ಆಚೆ ಸೂರ್ಯನಿಗೆ ಅಭಿಮುಖವಾದ ಒಂದು ಚದರ ಮೀಟರಿನ ಮೇಲೆ ಸುಮಾರು 1361 ವಾಟ್ ಶಕ್ತಿ ಬೀಳುತ್ತದೆ. ನಿರಭ್ರ ಮಧ್ಯಾಹ್ನದಲ್ಲಿಯೂ ನೆಲದ ಮೇಲೆ ದೊರೆಯುವುದು ಸುಮಾರು 1000 ವಾಟ್. ಇದಲ್ಲದೆ ಸೌರಕೋಶಕ್ಕೆ ಬೇಕಾದುದು ಬೆಳಕೇ ಹೊರತು ಶಾಖವಲ್ಲ. ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆಲ್ಲ ಸಿಲಿಕಾನ್ ಕೋಶದ ಉತ್ಪಾದನೆ ನೂರಕ್ಕೆ ಸುಮಾರು 0.4ರಷ್ಟು ಕುಗ್ಗುತ್ತದೆ. 25 ಡಿಗ್ರಿಯಲ್ಲಿ ಅಳೆದ ಫಲಕವು ಮೇ ತಿಂಗಳ ಮಾಳಿಗೆಯ ಮೇಲೆ 65 ಡಿಗ್ರಿಗೆ ಕಾದರೆ ತನ್ನ ಸಾಮರ್ಥ್ಯದ ಆರನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಅಂತರಿಕ್ಷಕ್ಕೂ ಅದರದೇ ಆದ ಬಾಧೆಗಳಿವೆ. ಉಪಗ್ರಹವು ಭೂಮಿಯ ನೆರಳನ್ನು ಹೊಕ್ಕಾಗ ಬ್ಯಾಟರಿಯೇ ಗತಿ. ಸೂರ್ಯನಿಂದ ವೇಗವಾಗಿ ಬರುವ ಪ್ರೋಟಾನುಗಳು ಹರಳಿನ ಜೋಡಣೆಯನ್ನು ಕೆಡಿಸಿ ಕೋಶಗಳನ್ನು ಕ್ರಮೇಣ ದುರ್ಬಲಗೊಳಿಸುತ್ತವೆ. ಇದನ್ನು ತಡೆಯಲೆಂದೇ ಪ್ರತಿ ಕೋಶಕ್ಕೂ ತೆಳುವಾದ ಗಾಜಿನ ಹೊದಿಕೆಯುಂಟು.

ನಮ್ಮ ದೇಶದ ಪ್ರಥಮ ಉಪಗ್ರಹ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಲಾಯಿತು. ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರು ಆ ಕಾರ್ಯದ ಮುಂದಾಳುಗಳಾಗಿದ್ದರು. 360 ಕಿಲೋಗ್ರಾಂ ತೂಕದ, 26 ಮುಖಗಳ ಆ ಕಾಯವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟೊಂದು ಕಕ್ಷೆಗೆ ಸೇರಿಸಿತು. ಮೇಲಿನ ಮತ್ತು ಕೆಳಗಿನ ಮುಖಗಳನ್ನುಳಿದು ಮಿಕ್ಕವುಗಳ ಮೇಲೆಲ್ಲ ಸೌರಕೋಶಗಳಿದ್ದವು. ಒಟ್ಟು ಉತ್ಪಾದನೆ 46 ವಾಟ್, ಅಂದರೆ ಓದುವ ಮೇಜಿನ ಮೇಲಿನ ಹಳೆಯ ಬಲ್ಬೊಂದಕ್ಕೆ ಸಾಲುವಷ್ಟು. ಸೂರ್ಯನಿಂದ ಬರುವ ನ್ಯೂಟ್ರಾನುಗಳನ್ನೂ ಗಾಮಾ ಕಿರಣಗಳನ್ನೂ ಅರಸುವುದು ಅದರ ಮೂರು ಪ್ರಯೋಗಗಳಲ್ಲಿ ಒಂದಾಗಿತ್ತು. ಆದರೆ ಸುಮಾರು ನಾಲ್ಕು ದಿನಗಳಲ್ಲಿಯೇ ವಿದ್ಯುತ್ ಪೂರೈಕೆಯ ದೋಷದಿಂದ ಪ್ರಯೋಗಗಳು ಸ್ಥಗಿತಗೊಂಡವು. ಮೈತುಂಬ ಬಿಸಿಲನ್ನು ಹೊದ್ದ ಯಂತ್ರವು ವಿದ್ಯುತ್ತಿಲ್ಲದೆ ಸೂರ್ಯನನ್ನು ಅರಿಯಲಾರದೆ ಹೋಯಿತು! ಆದರೂ ಆ ಕೆಲಸ ವ್ಯರ್ಥವಾಗಲಿಲ್ಲ. ಉಪಗ್ರಹವನ್ನು ಕಟ್ಟುವ ಕೈಗಳು ಸಿದ್ಧವಾದವು. 1979ರಲ್ಲಿ ಭಾಸ್ಕರವು ಹಾರಿತು. 2014ರಲ್ಲಿ ಮಂಗಳ ಗ್ರಹವನ್ನು ತಲುಪಿದ ನೌಕೆಯು, ಬಿಸಿಲು ಅರ್ಧಕ್ಕಿಂತ ಕಡಿಮೆಯಿರುವ ಆ ದೂರದಲ್ಲಿಯೂ, ಸುಮಾರು 840 ವಾಟ್ ಉತ್ಪಾದಿಸುವಂತೆ ರಚಿತವಾಗಿತ್ತು. ಚಂದ್ರಯಾನ-3 ರ ವಿಕ್ರಮ್ ನೌಕೆಯು 2023ರ ಆಗಸ್ಟ್ 23ರಂದು ಚಂದ್ರನಲ್ಲಿ ಹಗಲು ಮೂಡಿದ ವೇಳೆಯಲ್ಲಿ ಇಳಿದು, ಒಂದು ಚಾಂದ್ರ ಹಗಲು ದುಡಿದು, ದೀರ್ಘ ರಾತ್ರಿಯ ಚಳಿಯ ನಂತರ ಮತ್ತೆ ಏಳಲಿಲ್ಲ. ಅಂತರಿಕ್ಷದಲ್ಲಿ ಆಯುಷ್ಯವೆಂದರೆ ಬಿಸಿಲೇ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಇನ್ನು ಎರಡನೆಯ ಕೊಡುಗೆ. ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು ಆರೂವರೆ ಸಾವಿರ ಕೋಟಿ ಸೌರ ನ್ಯೂಟ್ರಿನೊಗಳು ಹಾದುಹೋಗುತ್ತಿವೆ. ರಾತ್ರಿಯ ವೇಳೆ ಭೂಮಿಯನ್ನೇ ತೂರಿ ಕೆಳಗಿನಿಂದ ಬರುತ್ತವೆ. ಅವು ಯಾವುದರೊಡನೆಯೂ ಸುಲಭವಾಗಿ ವ್ಯವಹರಿಸುವುದಿಲ್ಲ. 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಕೇವಲ ಲೆಕ್ಕ ಸರಿದೂಗಿಸಲೆಂದು ಇಂತಹದೊಂದು ಕಣವನ್ನು ಊಹಿಸಿದರು. ಅದರ ಇರವು ಪ್ರಯೋಗದಿಂದ ದೃಢಪಟ್ಟದ್ದು 1956ರಲ್ಲಿ.

ಇದಕ್ಕೆ ಉದಾಹರಣೆಯನ್ನು ನಮ್ಮ ಕಮಲಾಪುರದಲ್ಲಿಯೇ ಕಾಣಬಹುದು. ಅಲ್ಲಿಯ ಕೆಂಪು ಬಾಳೆಹಣ್ಣಿನ ಸಿಹಿಯು ಎಲೆಗಳು ಹೀರಿದ ಬಿಸಿಲಿನ ಫಲ. ಅದೇ ಹಣ್ಣಿನಲ್ಲಿ ಎಲ್ಲ ಬಾಳೆಹಣ್ಣುಗಳಲ್ಲಿರುವಂತೆ ಪೊಟ್ಯಾಸಿಯಂ ಇದೆ. ಪ್ರಕೃತಿಯಲ್ಲಿ ದೊರೆಯುವ ಪೊಟ್ಯಾಸಿಯಮ್ಮಿನ ಅತ್ಯಲ್ಪ ಭಾಗವು ತಾನಾಗಿಯೇ ಕ್ಷಯಿಸುತ್ತಿರುತ್ತದೆ. ಸಾಧಾರಣ ಗಾತ್ರದ ಹಣ್ಣೊಂದರಲ್ಲಿ ಸೆಕೆಂಡಿಗೆ ಹತ್ತು ಹದಿನೈದು ಪರಮಾಣುಗಳು ಹೀಗೆ ಕ್ಷಯಿಸಿ, ಒಂದೊಂದೂ ಒಂದು ನ್ಯೂಟ್ರಿನೊವನ್ನೋ ಅದರ ಪ್ರತಿಕಣವನ್ನೋ ಹೊರಸೂಸುತ್ತದೆ. ಇದರಿಂದ ಭಯಪಡಬೇಕಾದುದೇನೂ ಇಲ್ಲ. ನಮ್ಮ ಶರೀರದಲ್ಲಿಯೂ ಸೆಕೆಂಡಿಗೆ ಸಾವಿರಾರು ಸಲ ಇದೇ ನಡೆಯುತ್ತಿದೆ. ಬೆಳಕಿನ ಕೊಡುಗೆ ಸಿಹಿಯಾಗಿ ಹಣ್ಣಿನಲ್ಲಿ ಉಳಿಯಿತು. ನ್ಯೂಟ್ರಿನೊ ಯಾರಿಗೂ ತಿಳಿಯದಂತೆ ಹೊರಟುಹೋಯಿತು.

ಹೀಗೆ ಜಾರಿಹೋಗುವ ಕಣವನ್ನು ಹಿಡಿಯಲು ಗದ್ದಲವಿಲ್ಲದ ಸ್ಥಳ ಬೇಕು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳನ್ನು ತಡೆಯಲು ಕಿಲೋಮೀಟರುಗಟ್ಟಲೆ ಬಂಡೆಯ ಮರೆ ಅವಶ್ಯಕ. ಅಂತಹ ಸ್ಥಳ ಕೋಲಾರದ ಚಿನ್ನದ ಗಣಿ. ನಂಜನಗೂಡಿನಲ್ಲಿ ಹುಟ್ಟಿದ ಡಾ. ಬಿ. ವಿ. ಶ್ರೀಕಂಠನ್ ಮತ್ತು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಅವರ ಸಹೋದ್ಯೋಗಿಗಳು ಅಲ್ಲಿ ವಿಶ್ವಕಿರಣಗಳನ್ನು ಅಳೆಯುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅತ್ಯಂತ ಆಳದ ನೆಲೆಯಲ್ಲಿ ಎರಡು ತಿಂಗಳ ಕಾಲ ಉಪಕರಣದಲ್ಲಿ ಒಂದು ಕಣವೂ ದಾಖಲಾಗಲಿಲ್ಲ. ಏನೂ ಸಿಗಲಿಲ್ಲವೆಂದು ಅವರು ಕೈಚೆಲ್ಲಲಿಲ್ಲ. ಇಷ್ಟು ನಿಶ್ಶಬ್ದವಾದೆಡೆಯಲ್ಲಿ ನ್ಯೂಟ್ರಿನೊವನ್ನು ಗುರುತಿಸಬಹುದೆಂದು ತರ್ಕಿಸಿದರು. ಸೂರ್ಯನಿಂದಲ್ಲದೆ, ವಿಶ್ವಕಿರಣಗಳು ನಮ್ಮ ಗಾಳಿಗೆ ಅಪ್ಪಳಿಸಿದಾಗಲೂ ನ್ಯೂಟ್ರಿನೊಗಳು ಹುಟ್ಟುತ್ತವೆ. ಇಂತಹ ನ್ಯೂಟ್ರಿನೊಗಳ ಗುರುತನ್ನು ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ತಂಡವು 1965ರಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಮತ್ತೊಂದು ತಂಡವೂ ಕಂಡಿತು. ಜಗತ್ತಿನಲ್ಲಿ ಇವೇ ಮೊದಲು.

ಅಲ್ಲಿಯೇ 1980ರ ದಶಕದಲ್ಲಿ ಮತ್ತೊಂದು ಪರೀಕ್ಷೆ ನಡೆಯಿತು. ಪ್ರಕೃತಿಯ ಬಲಗಳನ್ನು ಒಂದಾಗಿಸುವ ಸಿದ್ಧಾಂತಗಳ ಪ್ರಕಾರ ಪ್ರೋಟಾನ್ ಕೂಡ ಶಾಶ್ವತವಲ್ಲ. ಒಂದರ ಮುಂದೆ ಮೂವತ್ತೊಂದು ಸೊನ್ನೆಗಳಷ್ಟು ವರ್ಷಗಳಲ್ಲಿಯಾದರೂ ಅದು ಅಳಿಯಬೇಕು. ಒಂದು ಪ್ರೋಟಾನಿಗಾಗಿ ಅಷ್ಟು ಕಾಲ ಕಾಯಲಾಗದು. ಅಷ್ಟೇ ಸಂಖ್ಯೆಯ ಕಣಗಳನ್ನು ಕೂಡಿಹಾಕಿ ಕೆಲವು ವರ್ಷ ಕಾಯಬಹುದು. 140 ಟನ್ನಿನ ಕಬ್ಬಿಣದ ಉಪಕರಣವು ಅದಕ್ಕಾಗಿಯೇ ಇತ್ತು. ಕೆಲವು ಸೂಚನೆಗಳು ಕಂಡುಬಂದುವೆಂದು ವರದಿಯಾದರೂ, ಮುಂದೆ ಹೊರದೇಶಗಳ ದೊಡ್ಡ ಉಪಕರಣಗಳು ಅವನ್ನು ಸಮರ್ಥಿಸಲಿಲ್ಲ. ಗಣಿಯ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರಲ್ಲಿ ಗಣಿಯೇ ಮುಚ್ಚಿತು. ವಾಯುಮಂಡಲದ ನ್ಯೂಟ್ರಿನೊಗಳು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸುತ್ತವೆಂದು 1998ರಲ್ಲಿ ಜಪಾನಿನಲ್ಲಿಯೂ, ಸೌರ ನ್ಯೂಟ್ರಿನೊಗಳೂ ಹಾಗೆಯೇ ಮಾಡುತ್ತವೆಂದು 2001-02ರಲ್ಲಿ ಕೆನಡಾದಲ್ಲಿಯೂ ಸಿದ್ಧವಾಯಿತು. ಅದಕ್ಕೆ 2015ರ ನೊಬೆಲ್ ಪಾರಿತೋಷಕ ಸಂದಿತು. ಸೂರ್ಯನ ಒಲೆ ಈಗಲೂ ಸಿದ್ಧಾಂತ ಹೇಳುವಂತೆಯೇ ಉರಿಯುತ್ತಿದೆಯೆಂಬ ಭರವಸೆಯೂ ಇದರಿಂದಲೇ ದೊರೆಯಿತು. ಮೊದಲ ಹೆಜ್ಜೆ ಇಟ್ಟ ನೆಲದಲ್ಲಿ ಕೊನೆಯ ಹೆಜ್ಜೆ ಇಡಲು ನಮಗಾಗಲಿಲ್ಲವೆಂಬುದು ಖೇದಕರ.

ದಾನ ಕೊಡುವವರು ಇದರಿಂದ ಫಲವೇನೆಂದು ಕೇಳುವುದು ಸಹಜವೂ ನ್ಯಾಯವೂ ಆಗಿದೆ. ಸೌರಕೋಶದ ಫಲ ಇಂದು ಮಾಳಿಗೆ ಮಾಳಿಗೆಗಳ ಮೇಲೆ ಕಾಣುತ್ತದೆ. ಆದರೆ ಐನ್‌ಸ್ಟೈನರ ಲೇಖನಕ್ಕೂ ಆ ಕೋಶಕ್ಕೂ ನಡುವೆ ಅರ್ಧ ಶತಮಾನ ಸಂದಿತ್ತೆಂಬುದನ್ನು ಮರೆಯಬಾರದು. 1905ರಲ್ಲಿ ಫಲವನ್ನು ಕೇಳಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ. ನ್ಯೂಟ್ರಿನೊ ನಮ್ಮ ಮನೆಯ ದೀಪವನ್ನು ಹೊತ್ತಿಸದು. ಎಂದಾದರೂ ಹೊತ್ತಿಸೀತೆಂದು ಹೇಳುವುದು ಆತ್ಮವಂಚನೆ. ಅದು ಕೊಡುವುದು ತಿಳಿವಳಿಕೆಯನ್ನು. ಶಾಲೆಯೊಂದು ಮಕ್ಕಳಿಗೆ ಕೊಡುವುದೂ ಬಹುಮಟ್ಟಿಗೆ ಅದನ್ನೇ; ಅದರ ಫಲವೂ ಕೊಟ್ಟವರ ಕಣ್ಣೆದುರಿಗೆ ಬರಬೇಕೆಂದಿಲ್ಲ.

ಮುಂದಿನ ಮೇ ತಿಂಗಳಲ್ಲಿ ನಮ್ಮ ಉಪಾಧ್ಯಾಯರು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು, ನೆರಳಿಲ್ಲದ ಕೋಲನ್ನು ತೋರಿಸಲಿ. ಪಕ್ಕದಲ್ಲಿ ಪುಟ್ಟ ಸೌರಕೋಶವೊಂದನ್ನಿಟ್ಟು, ಮೊದಲು ತಣ್ಣಗಿದ್ದಾಗಲೂ ಬಳಿಕ ಕಾದಾಗಲೂ ಅದರ ವಿದ್ಯುತ್ತನ್ನು ಅಳೆಯಿಸಲಿ. ಅನಂತರ ಪ್ರತಿಯೊಬ್ಬರೂ ತಮ್ಮ ಹೆಬ್ಬೆರಳಿನ ಉಗುರನ್ನು ನೋಡಿಕೊಂಡು, ಅದರ ಮೂಲಕ ಆ ಕ್ಷಣದಲ್ಲಿ ಹಾದುಹೋಗುತ್ತಿರುವುದನ್ನು ಎಣಿಸಲು ಯತ್ನಿಸಲಿ. ಅಷ್ಟಕ್ಕೆ ಹೆಚ್ಚಿನ ಖರ್ಚೇನೂ ತಗಲುವುದಿಲ್ಲ.