ಚಳಿಗಾಳಿ ಹುದುಗಿಸುವ ಬಿಯರ್

ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್ ನಗರದಲ್ಲಿ ‘ಆ ಲಾ ಮಾರ್ ಸುಬಿತ್’ ಎಂಬ ಹಳೆಯ ಬಿಯರ್ ಬಾರ್ ಇದೆ. ಹೆಸರಿನ ಅರ್ಥ ‘ಹಠಾತ್ ಸಾವು’! ಗಾಬರಿ ಬೇಡ. ಮಾಲೀಕರ ಹಿಂದಿನ ಅಂಗಡಿಗೆ ಬರುತ್ತಿದ್ದ ಬ್ಯಾಂಕ್ ನೌಕರರು ಅಲ್ಲಿ ಆಡುತ್ತಿದ್ದ ಆಟದ ಕೊನೆಯ ಸುತ್ತಿಗೆ ಆ ಹೆಸರಿಟ್ಟಿದ್ದರು. ಅದೇ ಬಾರಿಗೂ ಅಂಟಿಕೊಂಡಿತು. 1928ರಿಂದ ಬಾರ್ ಈಗಿನ ಜಾಗದಲ್ಲಿದೆ.

ದೊಡ್ಡ ಕನ್ನಡಿಗಳ ಉದ್ದನೆಯ ಹಾಲ್‌ನಲ್ಲಿ ಸದಾ ಮಾತು, ನಗೆ. ಮರದ ಮೇಜುಗಳ ಮೇಲೆ ಬಿಸಿ ಆಮ್ಲೆಟ್. ಬ್ರೆಡ್ಡಿಗೆ ಮೆತ್ತನೆಯ ಬಿಳಿ ಚೀಸ್ ಸವರಿ, ಮೂಲಂಗಿ, ಈರುಳ್ಳಿ ಹರಡಿದ ‘ತಾರ್ತೀನ್’. ಜೊತೆಗೆ ‘ಗೂಜ್’ ಎಂಬ ಹುಳಿ ಬಿಯರ್. ಬಿಯರ್ ಮದ್ಯವೇ ಆದ್ದರಿಂದ ವಿದ್ಯಾರ್ಥಿಗಳು ಅದರಿಂದ ದೂರವಿರಬೇಕಾದ್ದು ಸರಿ. ಆದರೆ ಅದರ ಹಿಂದಿನ ವಿಜ್ಞಾನ ಮಾತ್ರ ತಿಳಿಯಬೇಕಾದದ್ದು.

ಸಾಮಾನ್ಯ ಬಿಯರಿಗೆ ಪ್ರತ್ಯೇಕವಾಗಿ ಬೆಳೆಸಿದ ಯೀಸ್ಟ್ ಬೆರೆಸುತ್ತಾರೆ. ಗೂಜ್‌ನ ಮೂಲವಾದ ‘ಲ್ಯಾಂಬಿಕ್’ ಬಿಯರಿಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಮೊಳಕೆ ಬರಿಸಿದ ಬಾರ್ಲಿ ಮತ್ತು ಗೋಧಿಯಿಂದ ತೆಗೆದ ರಸವನ್ನು ಹಾಪ್ಸ್ ಹೂಗಳೊಡನೆ ಕುದಿಸಿ, ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಆಗ ಗಾಳಿಯಲ್ಲಿನ ಸೂಕ್ಷ್ಮಜೀವಿಗಳು ಅದರಲ್ಲಿ ಸೇರಿಕೊಳ್ಳುತ್ತವೆ. ಬಳಿಕ ರಸ ಓಕ್ ಮರದ ಪೀಪಾಯಿ ಸೇರುತ್ತದೆ. ಅಲ್ಲಿ ಯೀಸ್ಟುಗಳು ಸಕ್ಕರೆಯನ್ನು ಆಲ್ಕೋಹಾಲ್ ಮಾಡಿದರೆ, ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಹುಳಿಗೆ ಕಾರಣ ಅದೇ. ಒಂದು, ಎರಡು, ಮೂರು ವರ್ಷ ಹಳೆಯ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ ಉಳಿದ ಸಕ್ಕರೆ ಮತ್ತೆ ಹುದುಗಿ, ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆ ಬರುತ್ತದೆ.

ನಮ್ಮ ದೋಸೆ ಹಿಟ್ಟಿಗೂ ನಾವು ಯೀಸ್ಟ್ ಹಾಕುವುದಿಲ್ಲವಷ್ಟೆ? ಅಕ್ಕಿ, ಉದ್ದಿನಲ್ಲಿರುವ ಸೂಕ್ಷ್ಮಜೀವಿಗಳೇ ಹಿಟ್ಟನ್ನು ಉಬ್ಬಿಸುತ್ತವೆ. ಆದರೆ ದೋಸೆ ಹಿಟ್ಟಿಗೆ ಬೆಚ್ಚನೆಯ ರಾತ್ರಿ ಬೇಕು, ಲ್ಯಾಂಬಿಕ್‌ಗೆ ಚಳಿಯ ರಾತ್ರಿ. ಉಷ್ಣತೆ ಸುಮಾರು 8 ಡಿಗ್ರಿ ಸೆಲ್ಸಿಯಸ್ ಮೀರಿದರೆ ಬೇಡದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ರಸ ಕೆಡುತ್ತದೆ. ಆದ್ದರಿಂದಲೇ ಲ್ಯಾಂಬಿಕ್ ತಯಾರಿಕೆ ಚಳಿಗಾಲಕ್ಕೆ ಸೀಮಿತ.

ಈಗ ಆ ಚಳಿಯೇ ಕಡಿಮೆಯಾಗುತ್ತಿದೆ. 1900ರಲ್ಲಿ ಆರಂಭವಾದ ಬ್ರಸೆಲ್ಸ್‌ನ ಕ್ಯಾಂಟಿಯಾನ್ ಬಿಯರ್ ತಯಾರಿಕಾ ಘಟಕ 2015ರ ನವೆಂಬರ್‌ನಲ್ಲಿ ರಾತ್ರಿಗಳು ಬೆಚ್ಚಗಿದ್ದ ಕಾರಣ ಕೆಲಸವನ್ನೇ ನಿಲ್ಲಿಸಬೇಕಾಯಿತು. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಯಿಂದ ರಾತ್ರಿಗಳು ತಂಪಾದಾವೆ?

ಕೆಲವೇ ಡಿಗ್ರಿಗಳಿಂದ ಏನಾದೀತು ಎನ್ನುವ ಮಕ್ಕಳು ಒಂದು ಪ್ರಯೋಗ ಮಾಡಬಹುದು. ಅಮ್ಮ ರುಬ್ಬಿದ ದೋಸೆ ಹಿಟ್ಟನ್ನು ಎರಡು ಬಟ್ಟಲಿಗೆ ಹಾಕಿ, ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಹೊರಗೆ ಇಡಿ. ಬೆಳಿಗ್ಗೆ ಎರಡನ್ನೂ ನೋಡಿ. ಉತ್ತರ ಬಟ್ಟಲಲ್ಲೇ ಇರುತ್ತದೆ.