ಸ್ನಾಯುವಿನ ಕೈಗಡ

ಹೊರಟು ನಿಂತ ಬಸ್ಸನ್ನು ಹಿಡಿಯಲು ನಾವು ಇದ್ದಕ್ಕಿದ್ದಂತೆ ಓಡುತ್ತೇವೆ. ಏದುಸಿರು ಬಲವಾಗುವುದು ಬಸ್ಸನ್ನೇರಿ ಕುಳಿತ ಮೇಲೆ. ಹಾಗಾದರೆ ಉಸಿರಾಟವು ಚುರುಕಾಗುವುದಕ್ಕೆ ಮೊದಲೇ ಕಾಲುಗಳಿಗೆ ಅಷ್ಟೊಂದು ಶಕ್ತಿ ಎಲ್ಲಿಂದ ಒದಗಿತು?

ಸ್ನಾಯುವಿನ ಜೀವಕೋಶವು ನೇರವಾಗಿ ವೆಚ್ಚಮಾಡಬಲ್ಲ ನಾಣ್ಯವೆಂದರೆ ಅಡಿನೋಸಿನ್ ಟ್ರೈಫಾಸ್ಫೇಟ್; ಸಂಕ್ಷೇಪವಾಗಿ ಎ.ಟಿ.ಪಿ. ಇದರ ಮೂರು ಫಾಸ್ಫೇಟುಗಳಲ್ಲಿ ಒಂದು ಕಳಚಿದಾಗ ದೊರೆಯುವ ಶಕ್ತಿಯಿಂದ ಸ್ನಾಯುವಿನ ಎಳೆಗಳು ಒಂದರ ಪಕ್ಕದಲ್ಲೊಂದು ಜಾರುತ್ತವೆ, ಸ್ನಾಯು ಸಂಕುಚಿಸುತ್ತದೆ. ಆದರೆ ಕೈಯಲ್ಲಿರುವ ಈ ನಾಣ್ಯವು ರಭಸದ ಓಟದಲ್ಲಿ ಕೆಲವೇ ಸೆಕೆಂಡುಗಳಿಗೆ ಸಾಕಾಗುತ್ತದೆ.

ಕೈ ಬರಿದಾಗುತ್ತಿರುವ ಗೃಹಸ್ಥನು ನೆರೆಮನೆಯಿಂದ ಕೈಗಡ ತರುವಂತೆ, ಜೀವಕೋಶವು ಕ್ರಿಯೇಟಿನ್ ಫಾಸ್ಫೇಟಿನ ಮೊರೆಹೊಗುತ್ತದೆ. ಅದು ತನ್ನ ಫಾಸ್ಫೇಟನ್ನಿತ್ತು ಎ.ಟಿ.ಪಿ.ಯನ್ನು ಕೂಡಲೇ ಮರಳಿ ಕಟ್ಟುತ್ತದೆ. ಅಮೆರಿಕದ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಅವರೂ, ಆಂಧ್ರದ ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರೂ 1927ರಲ್ಲಿ ಈ ವಸ್ತುವಿನ ಸ್ವರೂಪವನ್ನು ಪ್ರಕಟಿಸಿದರು. ಸ್ನಾಯು ದುಡಿದಾಗ ಅದು ಕರಗುತ್ತದೆ. ವಿಶ್ರಮಿಸಿದಾಗ ಮತ್ತೆ ಕೂಡುತ್ತದೆ.

ಲ್ಯಾಕ್ಟಿಕ್ ಆಮ್ಲದ ಉತ್ಪತ್ತಿಯೇ ಸ್ನಾಯುವಿನ ಸಂಕೋಚನಕ್ಕೆ ಕಾರಣವೆಂದು ಆಗಿನ ವಿಜ್ಞಾನಿಗಳು ನಂಬಿದ್ದರು. 1930ರಲ್ಲಿ ಡೆನ್ಮಾರ್ಕಿನ ಐನರ್ ಲುಂಡ್ಸ್‌ಗಾರ್ಡ್ ಅವರು ಕಪ್ಪೆಯ ಸ್ನಾಯುವಿನಲ್ಲಿ ಆ ಆಮ್ಲವು ಹುಟ್ಟದಂತೆ ಅಯೊಡೊಅಸಿಟಿಕ್ ಆಮ್ಲದಿಂದ ತಡೆದರು. ಆದರೂ ಸ್ನಾಯು ಸಂಕುಚಿಸುತ್ತಲೇ ಇದ್ದಿತು. ಕ್ರಿಯೇಟಿನ್ ಫಾಸ್ಫೇಟು ಬರಿದಾದ ಮೇಲಷ್ಟೇ ಸೆಟೆದು ನಿಂತಿತು. ಹಳೆಯ ನಂಬಿಕೆ ಅಲ್ಲಿಗೆ ಕುಸಿಯಿತು.

ಪೂರ್ಣವೇಗದ ಓಟದಲ್ಲಿ ಕೈಗಡವೂ ಸುಮಾರು ಹತ್ತು ಸೆಕೆಂಡುಗಳಲ್ಲಿ ಬಹುಮಟ್ಟಿಗೆ ತೀರುತ್ತದೆ. ಅಷ್ಟರೊಳಗೆ ಗ್ಲೈಕೋಜನ್ ಎಂಬ ಕಣಜದ ಬಾಗಿಲು ತೆರೆದಿರುತ್ತದೆ. ಅದರ ಸಕ್ಕರೆಯು ಆಮ್ಲಜನಕದ ನೆರವಿಲ್ಲದೆ ಒಡೆದು ಲ್ಯಾಕ್ಟೇಟ್ ಆಗುವಾಗ ಶಕ್ತಿ ಬೇಗ ಬರುತ್ತದೆ. ಆದರೆ ಗಳಿಕೆ ಅಲ್ಪ. ಒಂದು ಗ್ಲೂಕೋಸ್ ಅಣುವಿನಿಂದ ಹೀಗೆ ದೊರೆಯುವ ನಿವ್ವಳ ಲಾಭ ಎ.ಟಿ.ಪಿ.ಯ 2 ಅಣುಗಳು ಮಾತ್ರ. ಅದೇ ಅಣುವು ಆಮ್ಲಜನಕದೊಡನೆ ಮೈಟೊಕಾಂಡ್ರಿಯಗಳಲ್ಲಿ ಸಂಪೂರ್ಣವಾಗಿ ಉರಿದರೆ ಸುಮಾರು 30 ಅಣುಗಳು! ದೂರದ ಓಟಗಾರನು ನೆಚ್ಚುವುದು ಈ ನಿಧಾನದ, ಸಮೃದ್ಧವಾದ ಗಳಿಕೆಯನ್ನು. ಲ್ಯಾಕ್ಟೇಟಾದರೂ ಕಸವಲ್ಲ, ಹೃದಯವು ಅದನ್ನು ಇಂಧನವಾಗಿ ಬಳಸುತ್ತದೆ, ಯಕೃತ್ತು ಅದನ್ನು ಮರಳಿ ಸಕ್ಕರೆಯಾಗಿಸುತ್ತದೆ.

ಬಸ್ಸಿನಲ್ಲಿ ಕುಳಿತ ನಮ್ಮ ಏದುಸಿರಿನ ಅರ್ಥ ಈಗ ತಿಳಿಯುತ್ತದೆ. ಒಳಸೇರುವ ಆಮ್ಲಜನಕದ ಬಲದಿಂದ ಜೀವಕೋಶವು ಹೊಸ ಎ.ಟಿ.ಪಿ.ಯನ್ನು ಗಳಿಸಿ, ತಂದ ಕೈಗಡವನ್ನು ಕೆಲವೇ ನಿಮಿಷಗಳಲ್ಲಿ ಹಿಂದಿರುಗಿಸುತ್ತಿದೆ. ನಿತ್ಯವೂ ನಡೆದು, ಓಡಿ ಅಭ್ಯಾಸವಿದ್ದವರ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಅವರ ಸಾಲವೂ ಬೇಗ ತೀರುತ್ತದೆ. ವ್ಯಾಯಾಮದಿಂದ ನಾವು ಪಡೆಯುವ ಲಾಭಗಳಲ್ಲಿ ಇದೂ ಒಂದು.